ಕ್ಲಿಪ್ ಹಾಕಿಸಿಕೊಂಡ ವಾರಕ್ಕೆ ಬೇಳೆ ಕಟ್ಟು, ಹುರುಳಿ ಸಾರು

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡು ಬಂದ ಕೂಡಲೇ ನೋವು ಕಾಣಿಸಿಕೊಳ್ಳುವುದಿಲ್ಲ. ಕೆಲವು ಗಂಟೆಗಳಾದ ಮೇಲೆ ಶುರುವಾಗಿ, ಮರುದಿನದ ಹೊತ್ತಿಗೆ ಹೆಚ್ಚಾಗಿ, ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ. ಹಲ್ಲಿನ ಬೇರನ್ನು ದವಡೆಯ ಮೂಳೆಗೆ ಹಿಡಿದಿಟ್ಟಿರುವ ತೆಳುವಾದ ನಾರಿನ ಪದರವು ತಂತಿಯ ಎಳೆತಕ್ಕೆ ಒತ್ತಿಹೋಗಿ ಉರಿಯೂತ ಉಂಟಾಗುವುದರಿಂದ, ಮೆತ್ತನೆಯ ಚಪಾತಿಯನ್ನು ಕಚ್ಚಿದರೂ ಹಲ್ಲು ಜುಮ್ಮೆನ್ನುತ್ತದೆ. ಈ ದಿನಗಳಲ್ಲಿ ಮಕ್ಕಳಿಗೆ ಬರಿಯ ಗಂಜಿ ಮತ್ತು ಐಸ್‌ಕ್ರೀಂ ಕೊಟ್ಟು ದಿನ ದೂಡುವ ಮನೆಗಳೇ ಹೆಚ್ಚು. ಬೆಳೆಯುವ ವಯಸ್ಸಿನವರಿಗೆ ಅದು ಸಾಲದು. 100 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೊಟೀನ್ ಇರುತ್ತದೆ. ಅದನ್ನು ಅಗಿಯದೆ ನುಂಗುವಂತೆ ಬೇಯಿಸುವುದು ಕಷ್ಟದ ಕೆಲಸವಲ್ಲ.

ಮೊದಲ ಮೂರು ದಿನಗಳಿಗೆ ಹೆಸರುಬೇಳೆಯೇ ಸರಿ. ಅದಕ್ಕೆ ಸಿಪ್ಪೆಯಿಲ್ಲ, ಬೇಗ ಕರಗುತ್ತದೆ, ಹೊಟ್ಟೆಗೂ ಹಗುರ. 100 ಗ್ರಾಂ ಬೇಳೆಯನ್ನು ತೊಳೆದು ಅರ್ಧ ಗಂಟೆ ನೆನೆಸಿ, ಅದರ ಐದು ಪಟ್ಟು ನೀರು, ಒಂದು ಚಮಚ ತುಪ್ಪ ಮತ್ತು ಸಿಪ್ಪೆ ತೆಗೆದ ಸೋರೆಕಾಯಿ ಅಥವಾ ಸಿಹಿಗುಂಬಳದ ನಾಲ್ಕು ಹೋಳು ಸೇರಿಸಿ ಕುಕ್ಕರಿನಲ್ಲಿ ನಾಲ್ಕು ಕೂಗು ಬರುವವರೆಗೆ ಬೇಯಿಸಿ. ಆವಿ ತಾನಾಗಿ ಇಳಿದ ಮೇಲೆ ಕಡಗೋಲಿನಿಂದ ಚೆನ್ನಾಗಿ ಮಸೆದು, ಬೇಕಷ್ಟು ಬಿಸಿನೀರು ಹಾಕಿ, ಉಪ್ಪು ಮತ್ತು ನುಣ್ಣಗೆ ಪುಡಿ ಮಾಡಿದ ಜೀರಿಗೆ ಸೇರಿಸಿ ಐದು ನಿಮಿಷ ಕುದಿಸಿ. ಹದವು ಸಾರಿಗಿಂತ ಗಟ್ಟಿ, ದೋಸೆ ಹಿಟ್ಟಿಗಿಂತ ತೆಳು ಇರಬೇಕು. ಆರುತ್ತಾ ಅದು ಮತ್ತೆ ಗಟ್ಟಿಯಾಗುವುದರಿಂದ ಇಳಿಸುವಾಗ ಸ್ವಲ್ಪ ನೀರಾಗಿಯೇ ಇರಲಿ.

ಒಗ್ಗರಣೆಯಲ್ಲಿ ಎಚ್ಚರ ಬೇಕು. ಸಾಸಿವೆ ಕಾಳು ಮತ್ತು ಕರಿಬೇವಿನ ಚೂರು ಕ್ಲಿಪ್ಪಿನ ಸಂದಿಗಳಲ್ಲಿ ಸಿಕ್ಕಿಕೊಂಡರೆ ತೆಗೆಯುವ ಹೊತ್ತಿಗೆ ನೋಯುತ್ತಿರುವ ಒಸಡು ಇನ್ನಷ್ಟು ನೋಯುತ್ತದೆ. ಹಾಗೆಂದು ಒಗ್ಗರಣೆಯಿಲ್ಲದ ಬೇಳೆಯನ್ನು ವಾರವಿಡೀ ತಿನ್ನಿಸುವುದೂ ಸರಿಯಲ್ಲ. ತುಪ್ಪದಲ್ಲಿ ಜೀರಿಗೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಇಂಗು ಹಾಕಿ ಘಮ ಬಂದ ಮೇಲೆ ಅದನ್ನು ಸ್ಟೀಲಿನ ಚಹಾ ಸೋಸುಕದ ಮೂಲಕ ಬೇಳೆ ಕಟ್ಟಿನ ಮೇಲೆ ಸುರಿಯಿರಿ. ಪರಿಮಳವೆಲ್ಲ ತುಪ್ಪದಲ್ಲಿ ಇಳಿದಿರುತ್ತದೆ, ಚೂರುಗಳು ಸೋಸುಕದಲ್ಲಿ ಉಳಿಯುತ್ತವೆ. ನನ್ನ ಮಗಳಿಗೆ ಕ್ಲಿಪ್ ಹಾಕಿಸಿದಾಗ ಕಂಡುಕೊಂಡ ಈ ಉಪಾಯವನ್ನು ಈಗಲೂ ಬಿಟ್ಟಿಲ್ಲ.

ಅರಿಶಿನದ ವಿಷಯವನ್ನೂ ಹೇಳಲೇಬೇಕು. ತಂತಿಯನ್ನು ಹಿಡಿದಿಡುವ ಬಣ್ಣವಿಲ್ಲದ ಸಣ್ಣ ರಬ್ಬರ್ ಉಂಗುರಗಳು ಅರಿಶಿನದಿಂದ ಹಳದಿಗೆ ತಿರುಗುತ್ತವೆ. ತಂತಿ ಬಿಗಿಸಲು ಮತ್ತೆ ಹೋದಾಗ ಉಂಗುರಗಳನ್ನು ಬದಲಿಸುವುದರಿಂದ ಶಾಶ್ವತ ತೊಂದರೆಯೇನಿಲ್ಲ. ಆದರೂ ಕಾಲೇಜಿಗೆ ಹೋಗುವ ಮಕ್ಕಳು ನಗುವುದಕ್ಕೇ ಹಿಂಜರಿಯುತ್ತಾರೆ. ಆದ್ದರಿಂದ ನಾನು ಅರಿಶಿನವಿಲ್ಲದೆಯೇ ಬೇಯಿಸುತ್ತಿದ್ದೆ.

ನಾಲ್ಕನೆಯ ದಿನದಿಂದ ಹುರುಳಿಗೆ ಹೋಗಬಹುದು. ಹುರುಳಿಯನ್ನು ಆರಿಸಿ, ಕಲ್ಲು ತೆಗೆದು, ರಾತ್ರಿಯಿಡೀ ನೆನೆಸಬೇಕು. ಕ್ಲಿಪ್ ಇರುವವರ ಬಾಯಿಗೆ ಒಂದು ಸಣ್ಣ ಕಲ್ಲು ಸಿಕ್ಕಿದರೂ ಹಲ್ಲಿಗೆ ಅಂಟಿಸಿದ ಬಿಲ್ಲೆ ಕಿತ್ತು ಬರಬಹುದು. ಕೊಳವೆ ಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಹೆಚ್ಚಿರುವುದರಿಂದ ಕಾಳು ಎಷ್ಟು ಕೂಗು ಹಾಕಿದರೂ ಮೆತ್ತಗಾಗದೆ ಉಳಿಯುತ್ತದೆ, ಸಿಹಿನೀರು ಬಳಸಿ. ಹುಣಸೆ, ಟೊಮೆಟೊ ಮೊದಲೇ ಬಿದ್ದರೂ ಹೀಗೆಯೇ ಆಗುವುದರಿಂದ ಹುಳಿಯನ್ನು ಬೆಂದ ಮೇಲೆಯೇ ಹಾಕಬೇಕು. ಏಳೆಂಟು ಕೂಗು ಬೇಯಿಸಿ, ಬೆರಳಿನಲ್ಲಿ ಒತ್ತಿದರೆ ಕಾಳು ಹಿಟ್ಟಾಗುವಂತಾದ ಮೇಲೆ ಕಟ್ಟನ್ನು ಬಸಿದು ಬೇರೆ ಇಡಿ. ಅರ್ಧದಷ್ಟು ಕಾಳನ್ನು ಕಾಯಿತುರಿ, ಬೆಳ್ಳುಳ್ಳಿ, ಜೀರಿಗೆ ಹಾಗೂ ಎರಡೇ ಎರಡು ಕಾಳುಮೆಣಸಿನೊಂದಿಗೆ ನುಣ್ಣಗೆ ರುಬ್ಬಿ, ಕಟ್ಟಿನಲ್ಲಿ ಕಲಸಿ ಜರಡಿಯಲ್ಲಿ ಸೋಸಿದರೆ ಸಿಪ್ಪೆಯೂ ಕಾಯಿಯ ನಾರೂ ಹೊರಗುಳಿಯುತ್ತವೆ. ಉಪ್ಪು, ತುಸು ಬೆಲ್ಲ, ಹುಣಸೆ ರಸ ಹಾಕಿ ಕುದಿಸಿ. ಉಳಿದ ಕಾಳು ಮನೆಯ ಇತರರಿಗೆ ಪಲ್ಯವಾಗುತ್ತದೆ. ತಂತಿ ಉಜ್ಜಿ ಕೆನ್ನೆಯ ಒಳಗೆ ಹುಣ್ಣಾಗಿದ್ದರೆ ಮೆಣಸನ್ನೂ ಹುಳಿಯನ್ನೂ ಬಿಟ್ಟುಬಿಡಿ, ಸಾರು ಉಗುರುಬೆಚ್ಚಗಿರಲಿ.

ಈ ಸಾರಿಗೆ ರಾಗಿ ಮುದ್ದೆಗಿಂತ ಒಳ್ಳೆಯ ಜೊತೆಯಿಲ್ಲ. ಮುದ್ದೆಯನ್ನು ಅಗಿಯದೆ ನುಂಗುವುದೇ ರೂಢಿಯಾಗಿರುವುದರಿಂದ ಹಲ್ಲಿಗೆ ಕೆಲಸವೇ ಇರುವುದಿಲ್ಲ. ತುತ್ತು ಮಾತ್ರ ಚಿಕ್ಕದಿರಬೇಕು, ಹಿಟ್ಟಿನ ಗಂಟು ಉಳಿದಿರಬಾರದು. ಅಭ್ಯಾಸವಿಲ್ಲದವರು ಮೆತ್ತಗೆ ಬೇಯಿಸಿದ ಅನ್ನವನ್ನು ಕಿವುಚಿ ಕಲಸಿಕೊಳ್ಳಬಹುದು. ಹಪ್ಪಳ, ಚಕ್ಕುಲಿ, ಕೋಡುಬಳೆಗಳನ್ನು ಕ್ಲಿಪ್ ತೆಗೆಯುವವರೆಗೂ ದೂರವಿಡಬೇಕು.

ಊಟವಾದ ಮೇಲೆ ಬೇಳೆಯ ಅಂಟು ಬಿಲ್ಲೆಗಳ ಸುತ್ತ ಕೂರುತ್ತದೆ. ಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸಿ, ಮೃದುವಾದ ಬ್ರಷ್‌ನಿಂದ ಉಜ್ಜಿ, ತಂತಿಯ ಕೆಳಗೆ ಹೋಗುವ ಸಣ್ಣ ಬ್ರಷ್ ಆಡಿಸಬೇಕು. ಒಸಡು ನೋಯುತ್ತಿದ್ದರೆ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿದರೆ ಹಿತವೆನಿಸುತ್ತದೆ. ವಾರ ಕಳೆದರೂ ನೋವು ಇಳಿಯದಿದ್ದರೆ ಅಥವಾ ಬಿಲ್ಲೆ ಅಲುಗಾಡುತ್ತಿದ್ದರೆ, ಮುಂದಿನ ಭೇಟಿಯ ದಿನಕ್ಕೆ ಕಾಯದೆ ದಂತವೈದ್ಯರಿಗೆ ಫೋನ್ ಮಾಡಿ.