ಕಾವೇರಿ ತೋರಿಸಿ ‘ಮಿಯಾಂಡರ್’ ಕಲಿಸಿದ್ದು

ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಮಾಡುತ್ತೇನೆ. ಜಾಸ್ತಿ ಮಕ್ಕಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು. ‘ಮಿಯಾಂಡರ್’ ಎಂಬ ಪದ ಬಂದರೆ ಡಿಕ್ಷನರಿ ನೋಡಿ ‘ಅಂಕುಡೊಂಕಾಗಿ ಸಾಗು’ ಎಂದು ಬರೆದುಕೊಳ್ಳುತ್ತಾರೆ. ತಪ್ಪಿಲ್ಲ. ಆದರೆ ಆಮೇಲೆ ಚಾಮುಂಡಿ ಬೆಟ್ಟದ ರಸ್ತೆಗೂ ಮಿಯಾಂಡರ್, ಟ್ರಾಫಿಕ್ಕಿನಲ್ಲಿ ನುಸುಳುವ ಬೈಕಿಗೂ ಮಿಯಾಂಡರ್! ಅದಕ್ಕೇ ನಾನೀಗ ಅರ್ಥದಿಂದ ಶುರು ಮಾಡುವುದಿಲ್ಲ. ಮೊದಲು ಮೊಬೈಲಿನಲ್ಲಿ ಮ್ಯಾಪ್ ತೆರೆಸುತ್ತೇನೆ.

ಟಿ. ನರಸೀಪುರದಲ್ಲಿ ಕಪಿಲೆ ಬಂದು ಕಾವೇರಿಯನ್ನು ಸೇರುತ್ತದಲ್ಲ, ಅಲ್ಲಿಂದ ತಲಕಾಡಿನವರೆಗೆ ನದಿಯ ಮೇಲೆ ಬೆರಳು ಸರಿಸಿ ಎನ್ನುತ್ತೇನೆ. ಬೆರಳು ನೆಟ್ಟಗೆ ಹೋಗುವುದೇ ಇಲ್ಲ. ಯಾಕೆ? ನೆಲದ ಇಳಿಜಾರು ಕಡಿಮೆ ಇದ್ದಲ್ಲಿ ನದಿಗೆ ಅವಸರವಿಲ್ಲ. ಒಂದು ಸಣ್ಣ ತಿರುವು ಬಿದ್ದರೆ ಸಾಕು, ಹೊರಬದಿಯ ನೀರು ಜೋರಾಗಿ ಹರಿದು ದಡ ಕೊರೆಯುತ್ತದೆ. ಒಳಬದಿಯ ನೀರು ನಿಧಾನವಾಗಿ ಮರಳು ಬಿಟ್ಟು ಹೋಗುತ್ತದೆ. ಹೀಗೆ ತಿರುವು ತನ್ನಷ್ಟಕ್ಕೆ ತಾನೇ ಬೆಳೆಯುತ್ತದೆ.

‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’ ಎಂಬ ಅಲಮೇಲಮ್ಮನ ಶಾಪ ನಮ್ಮ ಕಡೆಯ ಮಕ್ಕಳಿಗೆ ಗೊತ್ತೇ ಇರುತ್ತದೆ. ಆ ಮಾತನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ನದಿಯ ತಿರುವು ಮಾಡುವ ಎರಡೂ ಕೆಲಸ ಅದರಲ್ಲಿದೆ ನೋಡಿ. ಒಂದು ಕಡೆ ಮರಳು, ಇನ್ನೊಂದು ಕಡೆ ಮಡು. ಇಷ್ಟು ಹೇಳಿದ ಮೇಲೆ ಆ ಪದ ಎಲ್ಲಿಂದ ಬಂತು ಎಂದು ಹೇಳಿದರೆ ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆ ಕೇಳುತ್ತಾರೆ. ಮಿಯಾಂಡರ್ ಮೂಲದಲ್ಲಿ ಒಂದು ನದಿಯ ಹೆಸರು. ಗ್ರೀಕರು ಮಯಾಂಡ್ರೋಸ್ ಎಂದು ಕರೆಯುತ್ತಿದ್ದ ಆ ನದಿ ಇವತ್ತಿನ ಟರ್ಕಿಯ ಪಶ್ಚಿಮ ಭಾಗದಲ್ಲಿದೆ. ಅದರ ಡೊಂಕು ಎಷ್ಟು ಹೆಸರಾಯಿತೆಂದರೆ, ಡೊಂಕಾಗಿ ಹರಿಯುವುದಕ್ಕೇ ಅದರ ಹೆಸರು ನಿಂತಿತು. ಆ ನದಿ ಸಮುದ್ರ ಸೇರುವ ಕಡೆ ಮಿಲೀಟಸ್ ಎಂಬ ದೊಡ್ಡ ಬಂದರು ಇತ್ತು. ನದಿ ಹೊತ್ತು ತಂದ ಹೂಳಿನಿಂದ ಅಲ್ಲಿನ ಕೊಲ್ಲಿಯೇ ಮುಚ್ಚಿಹೋಯಿತು. ಈಗ ಆ ಊರಿನ ಅವಶೇಷಗಳು ಸಮುದ್ರದಿಂದ ದೂರ ಉಳಿದಿವೆ. ತಲಕಾಡಿನ ಮರಳಲ್ಲಿ ಹೂತ ಗುಡಿಗಳನ್ನು ನೋಡಿದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಾದ ಮೇಲೆ ಬಳಕೆ ಸುಲಭ. ಅವಸರವಿಲ್ಲದೆ, ಇಂಥ ಕಡೆಗೇ ಹೋಗಬೇಕೆಂಬ ಹಟವಿಲ್ಲದೆ ಸಾಗುವುದಕ್ಕೆಲ್ಲ ಮಿಯಾಂಡರ್ ಒಪ್ಪುತ್ತದೆ. ಏನೂ ಕೊಳ್ಳುವುದಿಲ್ಲ, ಸುಮ್ನೆ ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನ ಸಾಲು, ಬಾಳೆಹಣ್ಣಿನ ಸಾಲು ನೋಡುತ್ತಾ ತಿರುಗುತ್ತೀರಿ: ‘ವಿ ಮಿಯಾಂಡರ್ಡ್ ಥ್ರೂ ದ ಮಾರ್ಕೆಟ್’. ಈ ಕ್ರಿಯಾಪದಕ್ಕೆ ಕರ್ಮ ಬೇಡ. ಥ್ರೂ, ಅಲಾಂಗ್, ಅಕ್ರಾಸ್ ಇಂಥವು ಜೊತೆಗೆ ಬರುತ್ತವೆ. ಹೇಳುವಾಗ ಒತ್ತು ‘ಯಾಂ’ ಮೇಲೆ.

ಮಾತಿಗೂ ಈ ಪದ ಬರುತ್ತದೆ. ‘ಮಿಯಾಂಡರಿಂಗ್ ಸ್ಪೀಚ್’ ಅಂದರೆ ಹೊಗಳಿಕೆ ಅಲ್ಲ. ಇದನ್ನು ‘ಸುತ್ತಿ ಬಳಸಿ ಮಾತಾಡುವುದು’ ಎಂದು ಬರೆಯಲು ನಾನು ಬಿಡುವುದಿಲ್ಲ. ಸುತ್ತಿ ಬಳಸಿ ಮಾತಾಡುವವರ ಮನಸ್ಸಿನಲ್ಲಿ ಒಂದು ವಿಷಯ ಇರುತ್ತದೆ, ನೇರ ಹೇಳುವುದಿಲ್ಲ ಅಷ್ಟೇ. ಇಲ್ಲಿ ಮಾತಿಗೆ ಗುರಿಯೇ ಇಲ್ಲ. ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುತ್ತದೆ.

ಚಾಮುಂಡಿ ಬೆಟ್ಟಕ್ಕೆ ಬರುತ್ತೇನೆ. ಮೆಟ್ಟಿಲು ಹೆಚ್ಚುಕಮ್ಮಿ ನೇರ ಏರುತ್ತದೆ, ಕಾಲು ಸೋಲುತ್ತದೆ. ಬಸ್ಸು ಹಾಗೆ ಏರಲಾರದು. ಅದಕ್ಕೇ ರಸ್ತೆ ಬೆಟ್ಟ ಬಳಸಿ ಹೋಗುತ್ತದೆ. ಈ ಬಳಸುವಿಕೆಗೆ ‘ವೈಂಡ್’. ಬರೆಯುವ ಅಕ್ಷರ ಗಾಳಿಯ ‘ವಿಂಡ್’ಗೂ ಅದೇ, ಉಚ್ಚಾರ ಬೇರೆ. ಭೂತಕಾಲ ‘ವೌಂಡ್’. ಅದೇ ಅಕ್ಷರಗಳನ್ನು ‘ವೂಂಡ್’ ಎಂದು ಓದಿದರೆ ಗಾಯ. ಇದನ್ನು ಜೋರಾಗಿ ಓದಿಸದೆ ಬಿಡಬಾರದು. ಉಳಿದವು ಬೇಗ ಮುಗಿಯುತ್ತವೆ: ಚೂಪು ತಿರುವಿಗೆ ‘ಝಿಗ್‌ಝಾಗ್’, ಸಂದಿಯಲ್ಲಿ ನುಸುಳುವ ಬೈಕಿಗೆ ‘ವೀವ್’, ಆಷಾಢ ಶುಕ್ರವಾರ ಬೆಟ್ಟದ ಮೇಲಿನ ಉದ್ದದ ಕ್ಯೂಗೆ ‘ಸ್ನೇಕ್’.

ಕೊನೆಗೆ ತಮ್ಮೂರಿನಲ್ಲಿ ಡೊಂಕಾಗಿ ಸಾಗುವ ಯಾವುದಾದರೂ ಒಂದರ ಬಗ್ಗೆ ವಾಕ್ಯ ಬರೆಯಬೇಕು. ಒಮ್ಮೆ ಒಬ್ಬ ಹುಡುಗಿ ವಿಶ್ವೇಶ್ವರಯ್ಯ ನಾಲೆಗೆ ಮಿಯಾಂಡರ್ ಹಾಕಿದ್ದಳು. “ಮಿಸ್, ನಾಲೇನೂ ಡೊಂಕಾಗೇ ಹೋಗ್ತದಲ್ಲ?” ಎಂದಳು. ಹೋಗುತ್ತದೆ ನಿಜ. ಆದರೆ ಇಳಿಜಾರು ಒಂದೇ ಸಮ ಇರಲಿ ಎಂದು ಎತ್ತರ ತಗ್ಗು ಅಳೆದು, ದಿಬ್ಬ ಬಳಸಿ ತೋಡಿದ ದಾರಿ ಅದು. ಯಾವ ಗದ್ದೆಗೆ ನೀರು ಮುಟ್ಟಬೇಕೆಂಬುದು ಮೊದಲೇ ತೀರ್ಮಾನವಾಗಿದೆ. ‘ವೈಂಡ್’ ಹಾಕು ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ನಾಲೆಗೆ ‘ವೈಂಡ್ಸ್’ ಹಾಕಿದಳು. ಅದರ ಕೆಳಗೆ, ನಾಲೆ ಏರಿಯ ಮೇಲೆ ಮೇಯುತ್ತಾ ಹೋಗುವ ತಮ್ಮ ಎಮ್ಮೆಗೆ ‘ಮಿಯಾಂಡರ್ಸ್’ ಬರೆದಳು. ಪೂರ್ತಿ ಮಾರ್ಕ್ಸ್ ಕೊಟ್ಟೆ.