ಕೊಡಗಿನ ಹಳೆಯ ಚರ್ಚುಗಳ ಸಮಾಧಿಗಳಲ್ಲಿ ಹಿರಿಯರನ್ನು ಹುಡುಕುವ ಬಗೆ

ಊರಿನವರೆಲ್ಲ ಸೇರಿ ಹಿರಿಯರ ಸಮಾಧಿಗಳನ್ನು ಹುಡುಕಲು ಹೊರಡುವುದಾದರೆ, ಮಳೆ ನಿಂತು ಜಿಗಣೆಗಳ ಕಾಟ ತಗ್ಗಿರುವ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ದಿನಗಳೇ ಸೂಕ್ತ. ಮೊದಲು ಮನೆಯ ಹಿರಿಯರಿಂದ ಹೆಸರು, ಮನೆತನ, ದುಡಿದ ಕಾಫಿ ತೋಟ ಇವುಗಳನ್ನು ಕೇಳಿ ಬರೆದುಕೊಂಡು, ಚರ್ಚಿನ ಗುರುಗಳ ಅನುಮತಿ ಪಡೆಯಬೇಕು. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರಷ್ಟು ಹಳೆಯದಾದ್ದರಿಂದ ಕ್ಯಾಥೊಲಿಕ್ ಕುಟುಂಬಗಳು ಅಲ್ಲಿಂದಲೇ ಆರಂಭಿಸಬಹುದು. ಮಡಿಕೇರಿ ಕೋಟೆಯೊಳಗಿನ ಸಂತ ಮಾರ್ಕರ ಚರ್ಚ್ ಈಗ ವಸ್ತುಸಂಗ್ರಹಾಲಯ.

ಪಾಚಿ ಕಟ್ಟಿದ ಕಲ್ಲನ್ನು ಓದುವುದೇ ನಿಜವಾದ ಕಷ್ಟ. ತಂತಿ ಬ್ರಷ್, ಆಸಿಡ್, ಸೀಮೆಸುಣ್ಣ ಯಾವುದನ್ನೂ ಮುಟ್ಟಿಸದೆ, ಬರೀ ನೀರು ಮತ್ತು ಮೆತ್ತನೆಯ ಬ್ರಷ್‌ನಿಂದ ಮೇಲಿನ ಮಣ್ಣನ್ನಷ್ಟೇ ತೆಗೆದು, ಒಂದು ಪಕ್ಕದಿಂದ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟರೆ, ಸವೆದ ಅಕ್ಷರಗಳ ಅಂಚಿನಲ್ಲಿ ನೆರಳು ಬಿದ್ದು, ಗೊಂದಲ ಹುಟ್ಟಿಸುವ 3 ಮತ್ತು 8ರಂಥ ಅಂಕಿಗಳೂ ಬಹುಮಟ್ಟಿಗೆ ಬೇರೆಬೇರೆಯಾಗಿ ಕಾಣುತ್ತವೆ. ಓದಿದ್ದನ್ನು ಊಹೆ ಬೆರೆಸದೆ ಸಾಲು ಸಾಲಾಗಿ ಬರೆದುಕೊಳ್ಳಬೇಕು. ಬಂಧುಗಳನ್ನು ಹತ್ತಿರ ಹತ್ತಿರವೇ ಹೂಳುತ್ತಿದ್ದುದುಂಟು, ಆದ್ದರಿಂದ ಅಕ್ಕಪಕ್ಕದ ಕಲ್ಲುಗಳ ಚಿತ್ರವನ್ನೂ ತೆಗೆದುಕೊಳ್ಳುವುದು ಜಾಣತನ.

ಕಲ್ಲು ನಿಲ್ಲಿಸುವ ಅನುಕೂಲ ಬಡವರಿಗೆಲ್ಲಿತ್ತು? ಮರದ ಶಿಲುಬೆಯಂತೂ ಕೊಡಗಿನ ಮಳೆಗೆ ಹೆಚ್ಚು ಕಾಲ ನಿಲ್ಲದು. ಅಂಥವರನ್ನು ಚರ್ಚಿನ ಜ್ಞಾನಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕಗಳಲ್ಲಿಯೇ ಹುಡುಕಬೇಕು. ಬ್ರಿಟಿಷರ ಕಾಲದ ಯುರೋಪಿಯನ್ ತೋಟಗಾರರ ಬೆನ್ನು ಹತ್ತಿದವರು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಸರ್ಕಾರದ ಇಲಾಖೆ) ದಾಖಲೆಗಳನ್ನೂ ನೋಡಬಹುದು.