ಯಂತ್ರ ಬದಲಿಸಿ ಸೋತೆ, ಗಡ್ಡೆ ಬದಲಿಸಿ ಗೆದ್ದೆ: ಮನೆಯಲ್ಲೇ ಸ್ನೋ ಕೋನ್

ಮನೆ ಫ್ರಿಜ್ಜಿನ ಐಸಿನಲ್ಲಿ ಸ್ನೋ ಕೋನ್ (ಹೆರೆದ ಐಸಿಗೆ ಸಿರಪ್ ಹೊಯ್ದದ್ದು) ಮಾಡಿದರೆ ಜಲ್ಲಿಕಲ್ಲಿಗೆ ಶರಬತ್ತು ಹೊಯ್ದ ಹಾಗೇ ಇರುತ್ತದೆ ಎಂದವರೇ ಹೆಚ್ಚು. ನಯವಾದದ್ದು ಬೇಕೆಂದರೆ ಅಂಗಡಿಯವರ ದೊಡ್ಡ ಯಂತ್ರ ಬೇಕು, ಫ್ಯಾಕ್ಟರಿಯ ಐಸುಗಡ್ಡೆ ಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು ಎಂಬ ಉಪದೇಶ ಬೇರೆ. ಈಗ ನನ್ನ ಬಟ್ಟಲಿಗೆ ಬೀಳುತ್ತಿರುವುದು ನಾಲಿಗೆಗೆ ತಾಗುತ್ತಲೇ ಮಾಯವಾಗುವ ಐಸಿನ ಎಳೆ. ಯಂತ್ರ ಕೈಯಲ್ಲಿ ತಿರುಗಿಸುವಂಥದ್ದು, ಕೊಂಡವುಗಳಲ್ಲೆಲ್ಲ ಅಗ್ಗದ್ದು. ಫ್ರೀಜರ್ ಮಾಮೂಲಿ, ಮೈನಸ್ 18 ಡಿಗ್ರಿಯದ್ದು. ಬದಲಾದದ್ದು ಎರಡೇ: ನೀರು ಹೆಪ್ಪುಗಟ್ಟುವ ರೀತಿ ಮತ್ತು ಗಡ್ಡೆಯನ್ನು ಬ್ಲೇಡಿಗೆ ಕೊಡುವ ಹೊತ್ತು.

ಮೊದಲು ದುಡ್ಡು ಹೋದ ದಾರಿ. ಈ ಹುಚ್ಚಿಗೆ ಸುರಿದದ್ದರಲ್ಲಿ ಮುಕ್ಕಾಲು ಪಾಲು ಯಂತ್ರಗಳಿಗೇ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಪ್ರತಿ ಸಲವೂ ತಪ್ಪು ಯಂತ್ರದ್ದೇ ಎಂದು ಹೊಸದು ತರುವುದು.

ಮಿಕ್ಸಿಯಿಂದ ಶುರು. ಮಿಕ್ಸಿ ಬ್ಲೇಡ್ ಐಸನ್ನು ಹೆರೆಯುವುದಿಲ್ಲ, ಬಡಿಯುತ್ತದೆ. ಆದ್ದರಿಂದ ತಳದಲ್ಲಿ ನೀರು, ನಡುವೆ ಪುಡಿ, ಮೇಲೆ ಬಟಾಣಿ ಗಾತ್ರದ ಕಲ್ಲು. ಎರಡು ಕಪ್ಲರ್ ಸವೆದವು, ಒಂದು ಜಾರ್ ಬಿರುಕು ಬಿಟ್ಟಿತು. ಬೇರೆ ದಾರಿಯೇ ಇಲ್ಲದವರು ಕ್ಯೂಬು ಮುಳುಗುವಷ್ಟು ತಣ್ಣೀರು ಸೇರಿಸಿ, ಒಂದೊಂದು ಸೆಕೆಂಡಿನಂತೆ ಏಳೆಂಟು ಸಲ ಪಲ್ಸ್ ಕೊಟ್ಟು, ತಕ್ಷಣ ಜರಡಿಗೆ ಸುರಿದು, ಐದು ನಿಮಿಷ ಫ್ರೀಜರಿನಲ್ಲಿಡಿ. ಕಾಗದದ ಕೋನಿಗೆ ಸಾಕಾಗುವ ಹರಳು ಬರುತ್ತದೆ, ಎಳೆ ಮಾತ್ರ ಬರುವುದಿಲ್ಲ.

ಎರಡನೆಯದು ಕ್ಯೂಬು ನುಂಗುವ ಕರೆಂಟಿನ ಯಂತ್ರ. ಒಳಗೆ ಕ್ಯೂಬುಗಳು ಹೊರಳಾಡುತ್ತಿರುವುದರಿಂದ ಬ್ಲೇಡಿಗೆ ಒಮ್ಮೆ ಮೂಲೆ ಸಿಗುತ್ತದೆ, ಒಮ್ಮೆ ಮೈ ಸಿಗುತ್ತದೆ. ಪುಡಿಯೂ ಚೂರೂ ಸಮಪಾಲು. ಮೂರು ತಿಂಗಳಿಗೆ ಬ್ಲೇಡ್ ಮೊಂಡಾಯಿತು, ಬಿಚ್ಚಿ ಸಾಣೆ ಹಿಡಿಯಲು ಸ್ಕ್ರೂ ಕೂಡ ಕೊಟ್ಟಿರಲಿಲ್ಲ. ಮೂರನೆಯದು ಗಡ್ಡೆ ಹಿಡಿಯುವ ದುಬಾರಿ ಮಾಲು, ಎರಡನೆಯದರ ಐದಾರು ಪಟ್ಟು ಬೆಲೆ. ಅದರಲ್ಲೂ ಅದೇ ಬಿಳಿ ಹುಡಿ, ಅದೇ ಚೂರು! ದೋಷ ಯಂತ್ರದಲ್ಲಿಲ್ಲ ಎಂದು ಗೊತ್ತಾದದ್ದು ಆಗ. ಅದನ್ನು ಅರ್ಧ ಬೆಲೆಗೆ ಮಾರಿ ಕೈಯಂತ್ರ ತಂದದ್ದಾಯಿತು.

ಈಗ ಗಡ್ಡೆ. ಡಬ್ಬಿಯಲ್ಲಿ ನೀರಿಟ್ಟರೆ ಸುತ್ತಲಿಂದಲೂ ಹೆಪ್ಪುಗಟ್ಟುತ್ತಾ ಬಂದು, ಕರಗಿದ್ದ ಗಾಳಿಯೆಲ್ಲ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಆ ಬಿಳಿ ಹೊಟ್ಟೆಗೆ ಬ್ಲೇಡ್ ಬಂದ ಕೂಡಲೇ ಎಳೆ ಕಡಿದು ಪುಡಿ. ನೀರನ್ನು ಎರಡೆರಡು ಸಲ ಕುದಿಸಿ ಆರಿಸಿದರೆ ಸ್ಫಟಿಕದಂತಾಗುತ್ತದೆ ಎನ್ನುವುದನ್ನೂ ಮಾಡಿ ನೋಡಿದೆ. ಗ್ಯಾಸು ಖರ್ಚು, ಬಿಳಿ ಹೊಟ್ಟೆ ಹಾಗೇ. ಕೆಲಸ ಮಾಡಿದ್ದು ಒಂದೇ ದಿಕ್ಕಿನಿಂದ ಹೆಪ್ಪುಗಟ್ಟಿಸುವ ಉಪಾಯ: ತಳಕ್ಕೂ ಸುತ್ತಲೂ ದಪ್ಪ ಥರ್ಮೋಕೋಲು, ಬಾಯಿ ಮಾತ್ರ ತೆರೆದದ್ದು. ಚಳಿ ಮೇಲಿನಿಂದಷ್ಟೇ ಇಳಿಯುತ್ತದೆ, ಗಾಳಿ ಕೆಳಗೆ ತಳ್ಳಿಸಿಕೊಳ್ಳುತ್ತಾ ಹೋಗುತ್ತದೆ.

ಯಂತ್ರ ಗಡ್ಡೆಯನ್ನು ಕಚ್ಚಿ ಹಿಡಿಯುವ ಜಾಗಕ್ಕೆ ಒಪ್ಪುವ ದುಂಡನೆಯ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ, ನನ್ನದು ಒಂದೂವರೆ ಲೀಟರಿನದು. ಮೊದಲು ಸ್ಟೀಲ್ ಡಬ್ಬಿಯಲ್ಲಿ ಮಾಡಿ ಕೆಡಿಸಿದ್ದೆ. ಸ್ಟೀಲಿನ ಅಂಚು ಚಳಿಯನ್ನು ಗೋಡೆಗುಂಟ ಕೆಳಗೆ ಒಯ್ಯುವುದರಿಂದ ಮತ್ತೆ ಸುತ್ತಲಿಂದಲೇ ಹೆಪ್ಪು. ಸುಮಾರು 20 ಗಂಟೆಗೆ ಮೇಲಿನ ಮುಕ್ಕಾಲು ಭಾಗ ಗಾಜಿನಂತಾಗಿರುತ್ತದೆ, ಕೆಳಗೆ ಇನ್ನೂ ನೀರಿರುತ್ತದೆ. ಆಗಲೇ ಹೊರತೆಗೆದು, ಬೋರಲು ಹಾಕಿ, ಆ ನೀರು ಚೆಲ್ಲಬೇಕು. ಸರಿಯಾದ ಗಂಟೆ ನಿಮ್ಮ ಫ್ರೀಜರೇ ಹೇಳಬೇಕು. ಮೊದಲ ಸಲ 16ಕ್ಕೇ ಇಣುಕಿ ನೋಡಿ. 30 ಗಂಟೆ ಮರೆತು ಬಿಟ್ಟರೆ ತಳದ ನೀರೂ ಗಟ್ಟಿಯಾಗಿ ಹಿಗ್ಗುತ್ತದೆ, ಡಬ್ಬಿ ಸೀಳುತ್ತದೆ, ಗಡ್ಡೆಯ ಉದ್ದಕ್ಕೂ ಬಿರುಕು. ಡಬ್ಬಿಯಿಂದ ಬಿಡಿಸಲು ಬಿಸಿನೀರು ಹೊಯ್ಯಲೇಬೇಡಿ, ಟಪ್ ಎಂದು ಒಡೆಯುತ್ತದೆ. ಬೋರಲು ಇಟ್ಟು ಹತ್ತು ನಿಮಿಷ ಬಿಟ್ಟರೆ ತಾನೇ ಜಾರುತ್ತದೆ.

ಇಷ್ಟು ಮಾಡಿದ ಮೇಲೂ ಎಷ್ಟೋ ಗಡ್ಡೆ ಹಾಳಾದವು. ಕಾರಣ, ಫ್ರೀಜರಿನಿಂದ ತೆಗೆದವನೇ ನೇರ ಯಂತ್ರಕ್ಕೆ ಏರಿಸುತ್ತಿದ್ದುದು. ಮೈನಸ್ 18ರ ಐಸು ಗಾಜಿನ ಹಾಗೆ, ಬ್ಲೇಡ್ ತಾಗಿದರೆ ಸಿಡಿಯುತ್ತದೆ. ಜಪಾನಿನ ಕಾಕಿಗೋರಿ (ಅಲ್ಲಿನ ಹೆರೆದ ಐಸಿನ ತಿನಿಸು) ಮಾಡುವವರು ಗಡ್ಡೆಯನ್ನು ಹೊರಗಿಟ್ಟು ಹದಕ್ಕೆ ತಂದೇ ಹೆರೆಯುತ್ತಾರೆ. ನಾನು ಅದನ್ನು ಬರೀ ಶಾಸ್ತ್ರ ಅಂದುಕೊಂಡಿದ್ದೆ. ಅಲ್ಲ, ಕೆಲಸದ ಮುಕ್ಕಾಲು ಪಾಲು ಅದೇ.

ಹದ ನೋಡುವುದು ಹೀಗೆ. ಹೊರಗಿಟ್ಟ ಗಡ್ಡೆಯ ಮೇಲೆ ಮೊದಲು ಬಿಳಿ ಮಂಜು ಕೂರುತ್ತದೆ, ಬೆರಳಿಟ್ಟರೆ ಚರ್ಮ ಅಂಟಿಕೊಳ್ಳುತ್ತದೆ. ಆಮೇಲೆ ಅಂಚಿನಿಂದ ಮಂಜು ಕರಗುತ್ತಾ ಬಂದು ಒಳಗಿನದು ಕಾಣತೊಡಗುತ್ತದೆ. ಮೈಯೆಲ್ಲ ಎಣ್ಣೆ ಸವರಿದಂತೆ ಮಿನುಗಿ, ಬೆರಳು ಅಂಟದೆ ಜಾರಿದರೆ ಹದ ಬಂತು. 30 ಡಿಗ್ರಿಯ ಕೋಣೆಯಲ್ಲಿ ಒಂದು ಕಿಲೋ ಗಡ್ಡೆಗೆ 15ರಿಂದ 20 ನಿಮಿಷ ಹಿಡಿಯುತ್ತದೆ. ಆತುರವಿಲ್ಲದಿದ್ದರೆ ಫ್ರಿಜ್ಜಿನ ಕೆಳಖಾನೆಯಲ್ಲಿ ಒಂದು, ಒಂದೂವರೆ ಗಂಟೆ ಇಡಿ. ಒಳಗಿನವರೆಗೂ ಒಂದೇ ಸಮನೆ ಹದವಾಗುತ್ತದೆ, ನನಗೆ ಇದೇ ಇಷ್ಟ. ಕಿವಿಯಲ್ಲೂ ಗೊತ್ತಾಗುತ್ತದೆ. ಹದವಾಗದ್ದು ಕರಕರ ಎನ್ನುತ್ತದೆ, ಆದದ್ದು ರೇಷ್ಮೆ ಎಳೆದ ಹಾಗೆ ಸರ್ ಎನ್ನುತ್ತದೆ. ಹದ ಮೀರಿದರೆ ಬ್ಲೇಡಿಗೆ ನೀರಂಟಿ ಎಳೆಗಳು ಒದ್ದೆ ಹತ್ತಿಯಂತೆ ಮುದ್ದೆಯಾಗುತ್ತವೆ. ಕೈಗೆ ಸಿಗುವುದು ಹತ್ತು ನಿಮಿಷದ ಹೊತ್ತು, ಅಷ್ಟರಲ್ಲಿ ಹೆರೆದು ಮುಗಿಸಬೇಕು. ಉಳಿದದ್ದನ್ನು ಮತ್ತೆ ಫ್ರೀಜರಿಗೆ ಹಾಕಿದರೆ ಮುಂದಿನ ಸಲ ಹದ ಮೊದಲಿನಿಂದ.

ಬ್ಲೇಡ್ ಹೊರಚಾಚಬೇಕಾದದ್ದು ಮಾಮೂಲಿ ಕಾಗದ ಎರಡು ಪದರ ಮಡಚಿದಷ್ಟು. ಅದಕ್ಕಿಂತ ಹೆಚ್ಚಾದರೆ ಚಕ್ಕೆ, ಕಮ್ಮಿಯಾದರೆ ಹಿಡಿಕೆ ತಿರುಗಿದ್ದಷ್ಟೇ ಬಂತು. ಸಾವಿರದ ಗ್ರಿಟ್ ಸಾಣೆಕಲ್ಲಿನಲ್ಲಿ ಇಳಿಜಾರು ಮಗ್ಗುಲನ್ನಷ್ಟೇ ಮಸೆಯಿರಿ, ಹಿಂಭಾಗವನ್ನು ಚಪ್ಪಟೆಯಾಗಿಟ್ಟು ಒಂದೆರಡು ಸಲ ಎಳೆದು, ಮಸೆದಾಗ ಅಂಚಿಗೆ ಏಳುವ ಮುಳ್ಳು ತೆಗೆದರೆ ಸಾಕು. ಅಗ್ಗದ ಯಂತ್ರದ ಬ್ಲೇಡ್ ಒಂದು ಕಡೆ ಎದ್ದಿರುತ್ತದೆ, ಅದಕ್ಕೆ ಅಡಿಯಲ್ಲಿ ತುಣುಕೊಂದನ್ನು ಕೊಡಬೇಕು. ನಾನು ಕೊಡುವುದು ಏನು, ಯಾವ ಮೂಲೆಗೆ ಎಂಬುದು ಇಲ್ಲಿ ಬೇಡ. ಎರಡು ಬ್ಲೇಡ್ ಕೆಡಿಸಿಕೊಂಡು ಕಂಡುಕೊಂಡದ್ದು ಅದು.

ಬಟ್ಟಲು ಫ್ರೀಜರಿನಲ್ಲಿ ತಣಿದಿರಲಿ, ಎಳೆ ಬೀಳುವಾಗ ತಿರುಗಿಸುತ್ತಿರಿ, ಒತ್ತಬೇಡಿ. ಅರ್ಧ ತುಂಬಿದಾಗ ಒಮ್ಮೆ ಸಿರಪ್, ತುದಿಗೆ ಬಂದಾಗ ಇನ್ನೊಮ್ಮೆ. ಎಲ್ಲವನ್ನೂ ಮೇಲಿನಿಂದಲೇ ಸುರಿದರೆ ನೆತ್ತಿ ಕುಸಿದು ತಳ ಸಪ್ಪೆ.

ಸಿರಪ್ಪಿನಲ್ಲೂ ಸಾಕಷ್ಟು ಸಕ್ಕರೆ ಹಾಳು ಮಾಡಿದ್ದೇನೆ. ತೂಕದಲ್ಲಿ ಸಮಸಮ ಹಾಕಿದರೆ ತೆಳು, ಐಸಿನಲ್ಲಿ ತೂತು ಕೊರೆದು ಕೆಳಗಿಳಿಯುತ್ತದೆ. ಒಂದು ಪಾಲು ನೀರಿಗೆ ಎರಡು ಪಾಲು ಸಕ್ಕರೆ ಹಾಕಿದ್ದು ಫ್ರಿಜ್ಜಿನಲ್ಲಿ ತಳಕ್ಕೆ ಹರಳುಗಟ್ಟಿತು, ಮೇಲಿನದು ಜೇನಿನಂತೆ ನೆತ್ತಿಯಲ್ಲೇ ಕೂತಿತು. ನಿಂತದ್ದು ಎರಡು ಪಾಲು ನೀರಿಗೆ ಮೂರು ಪಾಲು ಸಕ್ಕರೆಯಲ್ಲಿ. ಬಾಯಿ ಮರಗಟ್ಟಿದಾಗ ಸಿಹಿ ಮಂದವಾಗುವುದರಿಂದ ಬರೀ ನಾಲಿಗೆಗೆ ಅತಿಯಾಗಿ ಕಂಡರೂ ಹೆದರಬೇಡಿ. ಕರಗಿದರೆ ಸಾಕು, ಕುದಿಸುವುದು ಬೇಡ. ನೀರಿನ ಅರ್ಧ ಪಾಲಿನ ಬದಲು ನಿಂಬೆ, ಕಿತ್ತಳೆ, ದ್ರಾಕ್ಷಿ ಯಾವುದಾದರೂ ರಸ, ಅದೂ ತಣಿದ ಮೇಲೆ. ಹುಳಿ ಸಾಲದ ಹಣ್ಣಾದರೆ ಲೀಟರಿಗೆ ಅರ್ಧ ಚಮಚ ಸಿಟ್ರಿಕ್ ಆಸಿಡ್. ಇದರ ಜೊತೆ ನಾನು ಇನ್ನೊಂದು ಚಿಟಿಕೆ ಹಾಕುತ್ತೇನೆ, ಅದು ಉಪ್ಪಲ್ಲ ಎಂದಷ್ಟೇ ಹೇಳಬಲ್ಲೆ.

ಸಿರಪ್ ಫ್ರಿಜ್ಜಿನಲ್ಲಿ ತಣಿದೇ ಇರಬೇಕು. ಬಟ್ಟಲಿಗೆ 200 ಗ್ರಾಂ ಐಸು, 60 ಮಿ.ಲೀ. ಸಿರಪ್ ಎಂದಿಟ್ಟುಕೊಂಡರೆ, 30 ಡಿಗ್ರಿಯ ಸಿರಪ್ ತನ್ನ ಬಿಸಿಯಿಂದಲೇ ಹೆಚ್ಚುಕಡಿಮೆ 20 ಗ್ರಾಂ ಐಸು ಕರಗಿಸುತ್ತದೆ. 4 ಡಿಗ್ರಿಯದು ಎರಡು ಮೂರು ಗ್ರಾಂ ಅಷ್ಟೇ. ಎಳೆ ಎಷ್ಟು ತೆಳುವೋ ಈ ವ್ಯತ್ಯಾಸ ಅಷ್ಟು ಬೇಗ ಕಾಣುತ್ತದೆ.

ನಡುವೆ ಅಡ್ಡದಾರಿ ಹಿಡಿದ ಪ್ರಯೋಗಗಳೂ ಇವೆ. ಒಂದು ಲೀಟರ್ ಗಟ್ಟಿ ಹಾಲಿಗೆ 120 ಗ್ರಾಂ ಸಕ್ಕರೆ ಕರಗಿಸಿ ಅದೇ ಡಬ್ಬಿಯಲ್ಲಿ ಗಡ್ಡೆ ಕಟ್ಟಿದರೆ ನೀರಿನ ಗಡ್ಡೆಯಷ್ಟು ಹದದ ಗೋಳಿಲ್ಲ, ಮೂರು ನಾಲ್ಕು ನಿಮಿಷ ಹೊರಗಿಟ್ಟರೆ ಮಡಿಕೆ ಮಡಿಕೆಯಾಗಿ ರಿಬ್ಬನ್ ಬರುತ್ತದೆ. ಹರಳುಗಳ ನಡುವೆ ಸಿಹಿ ದ್ರವ ಹೆಪ್ಪುಗಟ್ಟದೆ ಉಳಿಯುವುದರಿಂದ ಅದು ಮೊದಲೇ ಮೆತ್ತಗೆ. ಇಲ್ಲಿ ಥರ್ಮೋಕೋಲು ಬೇಡ, ಪೂರ್ತಿ ಗಟ್ಟಿಯಾಗಲಿ. ಬ್ಲೇಡ್ ಕೂಡಲೇ ತೊಳೆಯದಿದ್ದರೆ ಮರುದಿನ ನಾತ.

ಯಂತ್ರವೇ ಇಲ್ಲದವರಿಗೆ ಗ್ರಾನಿಟಾ, ಅಂದರೆ ಫ್ರೀಜರಿನಲ್ಲಿ ಹೆಪ್ಪುಗಟ್ಟುತ್ತಿರುವಾಗಲೇ ಕೆರೆದು ಹರಳಾಗಿಸಿದ ಶರಬತ್ತು. 800 ಮಿ.ಲೀ. ನೀರು, 150 ಮಿ.ಲೀ. ನಿಂಬೆರಸ, 180 ಗ್ರಾಂ ಸಕ್ಕರೆ, ಅಗಲ ತಟ್ಟೆ. ಮುಕ್ಕಾಲು ಗಂಟೆಯ ಮೇಲೆ ಫೋರ್ಕಿನಲ್ಲಿ ಅಂಚಿನಿಂದ ಕೆರೆಯಲು ಶುರುಮಾಡಿ, ಆಮೇಲೆ ಅರ್ಧ ಗಂಟೆಗೊಮ್ಮೆ, ಒಟ್ಟು ಮೂರು ಗಂಟೆ. ಸಕ್ಕರೆ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚಾದರೆ ಕೆಸರಾಗಿಯೇ ಉಳಿಯುತ್ತದೆ, ಹತ್ತನೇ ಒಂದಕ್ಕಿಂತ ಇಳಿದರೆ ಹಲಗೆ.

ಮೂರು ಪಾಲು ಐಸಿಗೆ ಒಂದು ಪಾಲು ಉಪ್ಪು ಬೆರೆಸಿ ಅದರೊಳಗೆ ರಸದ ಚೀಲ ಅಲುಗಾಡಿಸುವ ಆಟವೂ ಆಯಿತು. ಮಿಶ್ರಣ ಮೈನಸ್ 20ರ ಹತ್ತಿರ ಇಳಿಯುತ್ತದೆ, ಕಾಲು ಗಂಟೆಗೆ ಸ್ಲಶ್ (ಅರೆಬರೆ ಹೆಪ್ಪುಗಟ್ಟಿದ ರಸ) ಸಿದ್ಧ. ಆದರೆ ಚೀಲದ ಮೂಲೆಯಿಂದ ಒಂದು ಹನಿ ಉಪ್ಪುನೀರು ನುಸುಳಿದರೂ ಎಲ್ಲವೂ ದಂಡ, ಆದ್ದರಿಂದ ಜೋಡಿ ಚೀಲ, ಕೈಗೆ ದಪ್ಪ ಗವಸು. ಸೋಡಾ ಬಾಟಲಿಯನ್ನು ಮೂರು ಗಂಟೆ ಫ್ರೀಜರಿನಲ್ಲಿಟ್ಟು ಮುಚ್ಚಳ ಬಿಚ್ಚಿ ಸ್ಲಶ್ ಮಾಡುವುದು ಐದಕ್ಕೆ ಎರಡು ಸಲ ಆಯಿತು. ಗಾಜಿನ ಬಾಟಲಿಯಲ್ಲಿ ಮಾಡಲೇಬಾರದು, ಒಡೆಯುತ್ತದೆ.

ಖರ್ಚಿನ ಲೆಕ್ಕಕ್ಕೆ ಬಂದರೆ, ಈಗ ಬಟ್ಟಲೊಂದಕ್ಕೆ ತಗಲುವುದು ಸುಮಾರು 45 ಗ್ರಾಂ ಸಕ್ಕರೆ ಮತ್ತು ಹಣ್ಣಿನ ದುಡ್ಡು, ಐಸು ಪುಕ್ಕಟೆ ಅಂದರೂ ನಡೆಯುತ್ತದೆ. ಒಂದು ಕಿಲೋ ಗಡ್ಡೆಗೆ ನಾಲ್ಕು ಬಟ್ಟಲು. ಯಂತ್ರದ ಹಿಡಿತಕ್ಕೆ ಸಿಗದ ಕೊನೆಯ ಮೋಟು ನೂರೈವತ್ತು ಗ್ರಾಂ ಮಿಕ್ಸಿಗೆ.

ಒಂದು ಕಾಟ ಉಳಿದಿದೆ. ಡಬ್ಬಿ ಬಾಯಿ ತೆರೆದು 20 ಗಂಟೆ ಕೂರುವುದರಿಂದ ಫ್ರೀಜರಿನಲ್ಲಿ ಬೆಳ್ಳುಳ್ಳಿಯೋ ಮೀನೋ ಇದ್ದರೆ ವಾಸನೆಯೆಲ್ಲ ಮೇಲಿನ ಪದರಕ್ಕೆ ಹತ್ತುತ್ತದೆ. ಮುಚ್ಚಳ ಹಾಕಿದರೆ ಹೆಪ್ಪುಗಟ್ಟುವುದು ಐದಾರು ಗಂಟೆ ತಡ. ನಾನು ಮುಚ್ಚುವುದಿಲ್ಲ. ಆ ಮೇಲ್ಮುಖವನ್ನೇ ಬ್ಲೇಡಿನ ಕಡೆ ಇಟ್ಟು, ಮೊದಲ ಹತ್ತು ಸುತ್ತಿನ ಐಸನ್ನು ಸಿಂಕಿಗೆ ಬೀಳಿಸಿ, ಆಮೇಲೆ ಬಟ್ಟಲು ಹಿಡಿಯುತ್ತೇನೆ.